ಆಹಾರದ ರೋಗಾಣುಗಳ ವಿರುದ್ಧ ಫೇಜ್‌ಗಳು: ಸಿಂಪಡಣೆಯ ಹಿಂದಿನ ಲೆಕ್ಕ

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳನ್ನು ತಿನ್ನುವ ಪದಾರ್ಥದ ಮೇಲೆ ಬೇಕೆಂದೇ ಸಿಂಪಡಿಸುತ್ತಾರೆ ಎಂದರೆ ಮೊದಲ ಸಲ ಕೇಳಿದವರು ಹುಬ್ಬೇರಿಸುವುದು ಸಹಜವೇ. ಆದರೆ ಇದು ಪ್ರಯೋಗಾಲಯದ ಗೋಡೆಗಳೊಳಗೇ ಉಳಿದಿರುವ ಸಂಗತಿಯಲ್ಲ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಇಂಥ ಆರು ಬಗೆಯ ವೈರಸ್‌ಗಳನ್ನು, ಎಂದರೆ ಬ್ಯಾಕ್ಟೀರಿಯೋಫೇಜ್‌ಗಳನ್ನು (ಚಿಕ್ಕದಾಗಿ ಫೇಜ್‌ಗಳನ್ನು) ಬೆರೆಸಿ ತಯಾರಿಸಿದ ದ್ರಾವಣವೊಂದನ್ನು, ಮತ್ತೆ ಬೇಯಿಸದೆ ನೇರವಾಗಿ ತಿನ್ನುವ ಮಾಂಸ ಮತ್ತು ಕೋಳಿಮಾಂಸದ ಪದಾರ್ಥಗಳ ಮೇಲೆ ಬಳಸಲು ಅನುಮತಿ ನೀಡಿತು. ಅದರ ಗುರಿ ಲಿಸ್ಟೀರಿಯಾ ಮೊನೊಸೈಟೋಜೀನಿಸ್ ಎಂಬ ಒಂದೇ ಒಂದು ಬ್ಯಾಕ್ಟೀರಿಯಾ. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನಲ್ಲಿ ಸಿದ್ಧಪಡಿಸಿದ ಪಿ100 ಎಂಬ ಫೇಜ್, ಚೀಸ್‌ನಲ್ಲಿ ಬಳಸಲು ಸುರಕ್ಷಿತವೆಂಬ ಮನ್ನಣೆಯನ್ನು ಅಮೆರಿಕದಲ್ಲಿ ಪಡೆಯಿತು. ಮರುವರ್ಷ ಆ ಮನ್ನಣೆ ಇತರ ಆಹಾರಗಳಿಗೂ ವಿಸ್ತರಿಸಿತು. ಆಮೇಲೆ ಸಾಲ್ಮೊನೆಲ್ಲಾ ಮತ್ತು ಇ. ಕೋಲೈ ಓ157:ಎಚ್7 ಎಂಬ ರೋಗಕಾರಕ ಬ್ಯಾಕ್ಟೀರಿಯಾಗಳ ವಿರುದ್ಧದ ಮಿಶ್ರಣಗಳೂ ಮಾರುಕಟ್ಟೆಗೆ ಬಂದವು.

ಇಷ್ಟಾದರೂ ಜನಪ್ರಿಯ ಬರಹಗಳಲ್ಲಿ ಫೇಜ್‌ಗಳ ಬಗ್ಗೆ ಮೂಡುವ ಚಿತ್ರ ಬಹುತೇಕ ಒಂದೇ: ಒಂದು ಫೇಜ್ ಬ್ಯಾಕ್ಟೀರಿಯಾದೊಳಗೆ ಹೊಕ್ಕರೆ ನೂರಾಗಿ ಹೊರಬರುತ್ತದೆ, ನೂರು ಹತ್ತು ಸಾವಿರವಾಗುತ್ತದೆ, ಕೊನೆಗೆ ರೋಗಾಣು ಇರುವಲ್ಲೆಲ್ಲ ಹಬ್ಬಿ ಅದನ್ನು ನಿರ್ನಾಮ ಮಾಡುತ್ತದೆ. ತಾನಾಗಿಯೇ ಹೆಚ್ಚುತ್ತ ಹೋಗುವ ಔಷಧ ಎಂಬ ಈ ಕಲ್ಪನೆ ಆಹಾರದ ಮಟ್ಟಿಗೆ ಬಹುಪಾಲು ತಪ್ಪು ಎಂಬುದೇ ಇಂದಿನ ಈ ಉಪನ್ಯಾಸದಲ್ಲಿ ನಾನು ವಿವರಿಸಬೇಕೆಂದಿರುವ ವಿಷಯ. ಆಹಾರದ ಮೇಲೆ ಫೇಜ್ ಕೆಲಸ ಮಾಡುವುದು ತನ್ನ ಸಂತತಿಯ ಬಲದಿಂದಲ್ಲ, ನಾವು ಹಾಕಿದ ಪ್ರಮಾಣದ ಬಲದಿಂದ. ಇದನ್ನು ಒಪ್ಪಿಕೊಂಡರೆ, ಅದು ಎಲ್ಲಿ ಫಲಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಸುಲಭವಾಗುತ್ತದೆ.

ಸಮಸ್ಯೆಯ ಗಾತ್ರವನ್ನು ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಕಲುಷಿತ ಆಹಾರದಿಂದ ವರ್ಷಕ್ಕೆ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಜನ ಸಾಯುತ್ತಾರೆ. ಸತ್ತವರಲ್ಲಿ 1,25,000 ಮಂದಿ ಐದು ವರ್ಷದೊಳಗಿನ ಮಕ್ಕಳು. ಇದೆಲ್ಲವೂ ಬ್ಯಾಕ್ಟೀರಿಯಾಗಳಿಂದಲೇ ಆದದ್ದಲ್ಲ, ವೈರಸ್‌ಗಳೂ ಪರೋಪಜೀವಿಗಳೂ ವಿಷವಸ್ತುಗಳೂ ಇದರಲ್ಲಿ ಸೇರಿವೆ. ಬ್ಯಾಕ್ಟೀರಿಯಾಗಳ ಪೈಕಿ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಶಿಗಾ ಟಾಕ್ಸಿನ್ ಎಂಬ ವಿಷ ತಯಾರಿಸುವ ಇ. ಕೋಲೈ ಮತ್ತು ಲಿಸ್ಟೀರಿಯಾ ಈ ನಾಲ್ಕರ ಮೇಲೆ ಫೇಜ್ ಸಂಶೋಧನೆ ಹೆಚ್ಚು ನಡೆದಿದೆ. ಇವುಗಳಲ್ಲಿ ಲಿಸ್ಟೀರಿಯಾ ಬಹಳ ಜನರಿಗೆ ತಗಲುವ ರೋಗಾಣುವೇನಲ್ಲ. ಆದರೆ ರಕ್ತಕ್ಕೋ ಮೆದುಳಿಗೋ ಹರಡುವಷ್ಟು ತೀವ್ರವಾದಾಗ, ರೋಗಿಗಳಲ್ಲಿ ಶೇಕಡಾ 20ರಿಂದ 30ರಷ್ಟು ಮಂದಿಯನ್ನು ಅದು ಬಲಿ ತೆಗೆದುಕೊಳ್ಳುತ್ತದೆ. ಗರ್ಭಿಣಿಗೆ ತಗಲಿದರೆ ಗರ್ಭಪಾತಕ್ಕೆ ಕಾರಣವಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017 ಮತ್ತು 2018ರಲ್ಲಿ ಸಂಸ್ಕರಿಸಿದ ಮಾಂಸದ ಮೂಲಕ ಹರಡಿದ ಲಿಸ್ಟೀರಿಯಾ ಸೋಂಕಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 200ಕ್ಕೂ ಹೆಚ್ಚು ಜನ ಸತ್ತರು. ಈ ಬ್ಯಾಕ್ಟೀರಿಯಾದ ಇನ್ನೊಂದು ಕಾಟವೆಂದರೆ ಫ್ರಿಜ್‌ನ ತಂಪಿನಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ಮಾಂಸವನ್ನು ಬೇಯಿಸಿದಾಗ ಸತ್ತರೂ, ಬೆಂದ ಮಾಂಸವನ್ನು ಹೋಳು ಮಾಡುವ ಯಂತ್ರದ ಬ್ಲೇಡಿನಿಂದ ಮತ್ತೆ ಅಂಟಿಕೊಂಡರೆ, ಪೊಟ್ಟಣದೊಳಗೆ ವಾರಗಟ್ಟಲೆ ಬೆಳೆಯಲು ಅದಕ್ಕೆ ಅವಕಾಶವಿದೆ. ಫೇಜ್‌ಗೆ ಮೊದಲ ಅನುಮತಿ ಸಿಕ್ಕಿದ್ದು ಲಿಸ್ಟೀರಿಯಾ ವಿರುದ್ಧ, ಅದೂ ಬೆಂದ ಮಾಂಸದ ಮೇಲೆ ಎಂಬುದು ಆಕಸ್ಮಿಕವಲ್ಲ.

ಫೇಜ್ ಎಂಬುದು ಬ್ಯಾಕ್ಟೀರಿಯಾದೊಳಗೆ ಮಾತ್ರ ವೃದ್ಧಿಯಾಗಬಲ್ಲ ವೈರಸ್. ಬ್ರಿಟನ್ನಿನ ಫ್ರೆಡರಿಕ್ ಟ್ವಾರ್ಟ್ 1915ರಲ್ಲಿಯೂ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ'ಹೆರೆಲ್ 1917ರಲ್ಲಿಯೂ ಇದನ್ನು ಬೇರೆಬೇರೆಯಾಗಿ ವರದಿ ಮಾಡಿದರು. ಫೇಜ್ ಚಿಕಿತ್ಸೆಯ ಚರಿತ್ರೆ ಹೇಳುವಾಗ ಎಲ್ಲರೂ ಮನುಷ್ಯರ ಭೇದಿಯಿಂದ ಆರಂಭಿಸುತ್ತಾರೆ. ಆದರೆ ಡಿ'ಹೆರೆಲ್ 1919ರ ಹೊತ್ತಿಗೇ ಫ್ರಾನ್ಸಿನ ಹಳ್ಳಿಗಾಡಿನಲ್ಲಿ, ಸಾಲ್ಮೊನೆಲ್ಲಾದ ಒಂದು ಬಗೆಯಿಂದ ಕೋಳಿಗಳಿಗೆ ಬರುವ ಟೈಫಾಯ್ಡ್‌ನ ಮೇಲೆ ಅದನ್ನು ಪ್ರಯೋಗಿಸಿ ನೋಡಿದ್ದರು. ಆಹಾರ ಕೊಡುವ ಪ್ರಾಣಿಗಳ ಮೇಲಿನ ಫೇಜ್ ಬಳಕೆ ಈಗಿನ ಹೊಸ ಯೋಚನೆಯಲ್ಲ ಎಂಬುದಕ್ಕೆ ಇಷ್ಟು ಸಾಕು. ಆ್ಯಂಟಿಬಯಾಟಿಕ್‌ಗಳು ಬಂದ ಮೇಲೆ ಪಶ್ಚಿಮದ ದೇಶಗಳು ಇದನ್ನು ಮರೆತವು. ಜಾರ್ಜಿಯಾದ ಟಿಬಿಲಿಸಿಯಲ್ಲಿ ಜಾರ್ಜ್ ಎಲಿಯಾವಾ ಕಟ್ಟಿದ ಸಂಸ್ಥೆಯಲ್ಲಿ ಕೆಲಸ ಮುಂದುವರಿಯಿತು.

ಇ. ಕೋಲೈಯನ್ನು ಹಿಡಿಯುವ ಟಿ4 ಎಂಬ ಫೇಜ್ ಬಗ್ಗೆ ನಮಗೆ ಬಹಳಷ್ಟು ತಿಳಿದಿದೆಯಾದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದರ ಉದ್ದ ಸುಮಾರು 200 ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರ್ ತುಂಬಲು ಅಂಥ ಐದು ಸಾವಿರವನ್ನು ಸಾಲಾಗಿ ಇಡಬೇಕು. ತಲೆಯೊಳಗೆ ಡಿಎನ್‌ಎ, ಕೆಳಗೆ ಬಾಲ, ಬಾಲದ ತುದಿಯಲ್ಲಿ ಎಳೆಗಳು. ಈ ಎಳೆಗಳು ಬ್ಯಾಕ್ಟೀರಿಯಾದ ಮೈಮೇಲಿನ ನಿರ್ದಿಷ್ಟ ಅಣುಗಳನ್ನು ಗುರುತಿಸಿ ಹಿಡಿದುಕೊಂಡರೆ ಮಾತ್ರ ಬಾಲದ ಕವಚ ಕುಗ್ಗಿ, ಡಿಎನ್‌ಎ ಒಳಗೆ ಇಳಿಯುತ್ತದೆ. ಮೈಬೆಚ್ಚಗಿನ ಉಷ್ಣತೆಯಲ್ಲಿ ಅರ್ಧ ಗಂಟೆಯೊಳಗೆ ಹೊಸ ಫೇಜ್‌ಗಳು ನೂರರ ಲೆಕ್ಕದಲ್ಲಿ ಸಿದ್ಧವಾಗುತ್ತವೆ. ಹೋಲಿನ್ ಎಂಬ ಪ್ರೋಟೀನ್ ಒಳಪೊರೆಯಲ್ಲಿ ತೂತು ಕೊರೆಯುತ್ತದೆ, ಎಂಡೋಲೈಸಿನ್ ಎಂಬ ಕಿಣ್ವ ಕೋಶಭಿತ್ತಿಯನ್ನು ಕತ್ತರಿಸುತ್ತದೆ, ಬ್ಯಾಕ್ಟೀರಿಯಾ ಒಡೆಯುತ್ತದೆ. ಮೇಲ್ಮೈಯ ಅಣು ಬೇರೆಯಾದರೆ ಇದ್ಯಾವುದೂ ನಡೆಯುವುದಿಲ್ಲ. ಲಿಸ್ಟೀರಿಯಾದ ಫೇಜ್ ಸಾಲ್ಮೊನೆಲ್ಲಾವನ್ನು ಮುಟ್ಟದು, ಚೀಸ್‌ಗೆ ರುಚಿ ಕೊಡುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಮುಟ್ಟದು. ಕ್ಲೋರಿನ್‌ಗಾಗಲಿ ಸಾವಯವ ಆಮ್ಲಗಳಿಗಾಗಲಿ ಈ ವಿವೇಚನೆ ಇಲ್ಲ.

ಫೇಜ್‌ಗಳನ್ನು ಎಣಿಸುವ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಪೆಟ್ರಿ ತಟ್ಟೆಯಲ್ಲಿ ಅಗಾರ್ ಎಂಬ, ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಜೆಲ್ಲಿಯಂಥ ವಸ್ತುವಿನ ಗಟ್ಟಿಯಾದ ಪದರ ಇರುತ್ತದೆ. ಕರಗಿಸಿ ಉಗುರುಬೆಚ್ಚಗಿಟ್ಟ ತೆಳು ಅಗಾರ್‌ಗೆ ಬ್ಯಾಕ್ಟೀರಿಯಾಗಳನ್ನೂ, ಹಂತಹಂತವಾಗಿ ಹತ್ತು ಪಟ್ಟು ತೆಳುಗೊಳಿಸುತ್ತ ಬಂದ ಫೇಜ್ ದ್ರಾವಣದ 0.1 ಮಿಲಿಲೀಟರನ್ನೂ ಬೆರೆಸಿ ಅದರ ಮೇಲೆ ಸುರಿಯುತ್ತಾರೆ. ರಾತ್ರಿ ಕಳೆದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾಗಳ ಮಬ್ಬು ಹಾಸು ಬೆಳೆದಿರುತ್ತದೆ. ಫೇಜ್ ಬಿದ್ದ ಜಾಗಗಳಲ್ಲಿ ಮಾತ್ರ, ಮಂಜು ಹಿಡಿದ ಗಾಜಿನ ಮೇಲೆ ಬೆರಳಿಟ್ಟು ಒರೆಸಿದಂತೆ, ತಿಳಿಯಾದ ಬೊಟ್ಟುಗಳು ಕಾಣುತ್ತವೆ. ಒಂದೊಂದು ಬೊಟ್ಟೂ ಒಂದು ಫೇಜ್‌ನಿಂದ ಆರಂಭವಾದದ್ದು. ಒಂದು ಕೋಟಿ ಪಟ್ಟು ತೆಳುಗೊಳಿಸಿದ ದ್ರಾವಣದಿಂದ 45 ಬೊಟ್ಟುಗಳು ಬಂದರೆ ಮೂಲ ದ್ರಾವಣದಲ್ಲಿ ಮಿಲಿಲೀಟರಿಗೆ 450 ಕೋಟಿ ಫೇಜ್‌ಗಳಿದ್ದವು ಎಂದರ್ಥ. ಬೊಟ್ಟು ಪೂರ್ತಿ ತಿಳಿಯಾಗಿದೆಯೋ ನಡುವೆ ಮಸುಕಾಗಿದೆಯೋ ಎಂಬುದನ್ನೂ ನೋಡುತ್ತಾರೆ. ಆ ಮಸುಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಲೆಕ್ಕ. ಫೇಜ್‌ಗೆ ಈಜುವ ಅಂಗವಿಲ್ಲ, ಹುಡುಕುವ ಇಂದ್ರಿಯವಿಲ್ಲ. ದ್ರವದಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತ ಬ್ಯಾಕ್ಟೀರಿಯಾಕ್ಕೆ ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ. ಒಂದು ಬ್ಯಾಕ್ಟೀರಿಯಾ ಪ್ರತಿ ನಿಮಿಷವೂ ಮಿಲಿಲೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ದ್ರವದಲ್ಲಿರುವ ಫೇಜ್‌ಗಳಿಗೆ ಮೈಯೊಡ್ಡುತ್ತದೆ ಎಂದು ಇಟ್ಟುಕೊಳ್ಳೋಣ. ಫೇಜ್‌ನಿಂದ ಫೇಜ್‌ಗೆ ಇದು ಹತ್ತಾರು ಪಟ್ಟು ವ್ಯತ್ಯಾಸವಾದರೂ, ಲೆಕ್ಕ ಹಾಕಲು ಇದು ರೂಢಿಯಲ್ಲಿರುವ ಮೌಲ್ಯವೇ. ಮಿಲಿಲೀಟರಿಗೆ 10 ಕೋಟಿ ಫೇಜ್‌ಗಳಿದ್ದರೆ ಒಂದು ಬ್ಯಾಕ್ಟೀರಿಯಾಕ್ಕೆ ಫೇಜ್ ತಾಗಲು ಸರಾಸರಿ 10 ನಿಮಿಷ ಬೇಕು. 10 ಲಕ್ಷ ಇದ್ದರೆ 1,000 ನಿಮಿಷ, ಎಂದರೆ ಹದಿನಾರು ಗಂಟೆಗೂ ಮೇಲೆ. 10 ಸಾವಿರ ಮಾತ್ರ ಇದ್ದರೆ ಒಂದು ಲಕ್ಷ ನಿಮಿಷ. ಅದು ಸುಮಾರು 70 ದಿನಗಳಾಗುತ್ತದೆ, ಅಷ್ಟರಲ್ಲಿ ಆ ಆಹಾರ ತಿಂದು ಮುಗಿದಿರುತ್ತದೆ ಅಥವಾ ಕೊಳೆತು ಹೋಗಿರುತ್ತದೆ.

ಈ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಬ್ಯಾಕ್ಟೀರಿಯಾಕ್ಕೆ ಎಷ್ಟು ಫೇಜ್ ಎಂಬ ಅನುಪಾತವನ್ನು ಹಿಡಿದುಕೊಂಡು ಪ್ರಮಾಣ ನಿಗದಿ ಮಾಡುವ ಅಭ್ಯಾಸ ಈಗಲೂ ಅಲ್ಲಲ್ಲಿ ಇದೆ. ಮಿಲಿಲೀಟರಿಗೆ 100 ಬ್ಯಾಕ್ಟೀರಿಯಾ ಇದೆ, 1,000 ಫೇಜ್ ಹಾಕಿದೆವು, ಒಂದಕ್ಕೆ ಹತ್ತರಂತೆ ಧಾರಾಳವಾಯಿತು ಎಂದು ಯಾರಾದರೂ ಭಾವಿಸಿದರೆ, ಆ ಭೇಟಿಗೆ ಸರಾಸರಿ 10 ಲಕ್ಷ ನಿಮಿಷ, ಎಂದರೆ ಹತ್ತಿರಹತ್ತಿರ ಎರಡು ವರ್ಷ ಕಾಯಬೇಕಾಗುತ್ತದೆ. ಬ್ಯಾಕ್ಟೀರಿಯಾಗಳು ಕಡಿಮೆ ಇವೆ ಎಂಬ ಕಾರಣಕ್ಕೆ ಫೇಜ್‌ಗಳನ್ನು ಕಡಿಮೆ ಮಾಡುವಂತಿಲ್ಲ. ಆಹಾರದ ಮೇಲೆ ರೋಗಾಣುಗಳು ಸಾಮಾನ್ಯವಾಗಿ ಗ್ರಾಮಿಗೆ ಕೆಲವೇ ಕೆಲವು, ಹೆಚ್ಚೆಂದರೆ ಕೆಲವು ನೂರು ಇರುವುದರಿಂದ ಈ ಮಾತಿಗೆ ಇಲ್ಲಿ ಇನ್ನಷ್ಟು ತೂಕವಿದೆ.

ಹಾಗಾದರೆ ಫೇಜ್ ವೃದ್ಧಿಯಾಗುವುದು ಸುಳ್ಳೇ? ಸುಳ್ಳಲ್ಲ. ಹೊರಬಂದ ನೂರು ಫೇಜ್‌ಗಳಿಗೆ ಮುಂದಿನ ಬ್ಯಾಕ್ಟೀರಿಯಾ ಹತ್ತಿರದಲ್ಲೇ ಸಿಗಬೇಕು, ಅಷ್ಟೆ. ಮಿಲಿಲೀಟರಿಗೆ ಹತ್ತು ಸಾವಿರದ ಆಸುಪಾಸಿನಲ್ಲಾದರೂ ಬ್ಯಾಕ್ಟೀರಿಯಾಗಳಿದ್ದರೆ ಮಾತ್ರ ಫೇಜ್‌ಗಳ ಸಂಖ್ಯೆ ಗಮನಾರ್ಹವಾಗಿ ಏರುತ್ತದೆ ಎಂಬುದು ಅನೇಕರು ಉಲ್ಲೇಖಿಸುವ ಅಂದಾಜು. ಜೊತೆಗೆ ಆ ಬ್ಯಾಕ್ಟೀರಿಯಾ ಬೆಳೆಯುವ ಸ್ಥಿತಿಯಲ್ಲಿರಬೇಕು. ಸಾಲ್ಮೊನೆಲ್ಲಾದಂಥದು ತಂಪಿನಲ್ಲಿ ಸುಮ್ಮನೆ ಕುಳಿತಿದ್ದರೆ ಅದರೊಳಗೆ ಹೊಕ್ಕ ಫೇಜ್‌ಗೂ ಬೇಕಾದ ಸಾಮಗ್ರಿ ಸಿಗುವುದಿಲ್ಲ. ಆಹಾರದ ಮೇಲೆ ಅಷ್ಟು ರೋಗಾಣುಗಳಿದ್ದರೆ ಅದನ್ನು ಫೇಜ್ ಹಾಕಿ ಸರಿಪಡಿಸಬಾರದು, ಎಸೆಯಬೇಕು. ಹೀಗಾಗಿ ಫೇಜ್‌ನ ವೃದ್ಧಿ ನೆರವಿಗೆ ಬರುವ ಸ್ಥಿತಿಯೇ ಮಾರಾಟಕ್ಕೆ ಯೋಗ್ಯವಲ್ಲದ ಆಹಾರದ ಸ್ಥಿತಿ. ನನ್ನ ಅಭಿಪ್ರಾಯದಲ್ಲಿ ಈ ಒಂದು ವಿಷಯವನ್ನು ಫೇಜ್ ಮಾರುವವರೂ ಕೊಳ್ಳುವವರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಇದೇ ಲೆಕ್ಕವನ್ನು ಮಾಂಸದ ಹೋಳೊಂದರ ಮೇಲೆ ಇಟ್ಟು ನೋಡೋಣ. ಒಂದು ಚದರ ಸೆಂಟಿಮೀಟರ್ ಮೇಲ್ಮೈ, ಅದರ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ತೇವ. ಆ ತೇವದ ಗಾತ್ರ 0.01 ಮಿಲಿಲೀಟರ್. ಅಲ್ಲಿ ಒಂದು ಕೋಟಿ ಫೇಜ್‌ಗಳು ಬಿದ್ದರೆ ಸಾಂದ್ರತೆ ಮಿಲಿಲೀಟರಿಗೆ 100 ಕೋಟಿಯಾಗುತ್ತದೆ, ಭೇಟಿಯ ಸರಾಸರಿ ಸಮಯ ಒಂದು ನಿಮಿಷಕ್ಕೆ ಇಳಿಯುತ್ತದೆ. ತಂಪಿನಲ್ಲಿ ಚಲನೆ ನಿಧಾನವಾಗುವುದನ್ನು ಸೇರಿಸಿಕೊಂಡರೂ ಇದು ಕೈಗೆಟಕುವ ಸಮಯವೇ. ಬಳಕೆಯಲ್ಲಿರುವ ಪ್ರಮಾಣಗಳು ಚದರ ಸೆಂಟಿಮೀಟರಿಗೆ ಅಥವಾ ಗ್ರಾಮಿಗೆ ಒಂದು ಕೋಟಿಯಿಂದ ನೂರು ಕೋಟಿಯವರೆಗೆ ಇರುವುದರ ಗುಟ್ಟು ಇದು. ಆದರೆ ತೇವ ಹೀರಿಹೋದರೆ ಅಥವಾ ಆರಿದರೆ ಲೆಕ್ಕವೇ ನಿಂತುಹೋಗುತ್ತದೆ, ಏಕೆಂದರೆ ಒಣ ಮೇಲ್ಮೈಯಲ್ಲಿ ಫೇಜ್ ಬಿದ್ದಲ್ಲೇ ಬಿದ್ದಿರುತ್ತದೆ. ಸೊಪ್ಪಿನ ಎಲೆಯ ಮಡಿಕೆಯಲ್ಲೋ ಕತ್ತರಿಸಿದ ಅಂಚಿನ ಒಳಗೋ ಸೇರಿಕೊಂಡ ಇ. ಕೋಲೈಗೆ ಮೇಲಿನಿಂದ ಬಿದ್ದ ಹನಿ ತಲುಪದೇ ಇರಬಹುದು. ಹೀಗಾಗಿ ನುಣುಪಾದ ಹಸಿ ಮೇಲ್ಮೈಗಳಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ, ಉಬ್ಬುತಗ್ಗಿನ ಮೇಲ್ಮೈಗಳಲ್ಲಿ ಏರುಪೇರಾಗುತ್ತದೆ. ದ್ರವ ಆಹಾರಗಳಲ್ಲಿ ಫೇಜ್ ಎಲ್ಲೆಡೆ ಹರಡುತ್ತದೆ ನಿಜ, ಆದರೆ ಇಡೀ ಗಾತ್ರವನ್ನು ಆ ಸಾಂದ್ರತೆಗೆ ಏರಿಸಲು ಬೇಕಾಗುವ ಫೇಜ್‌ಗಳ ಸಂಖ್ಯೆ ವಿಪರೀತ.

ಫಲವನ್ನು ಅಳೆಯುವುದು ಲಾಗ್ ಎಂಬ ಮಾಪನದಲ್ಲಿ. ಒಂದು ಲಾಗ್ ಇಳಿಕೆ ಎಂದರೆ ಶೇಕಡಾ 90ರಷ್ಟು ಸತ್ತವು, ಎರಡು ಲಾಗ್ ಎಂದರೆ ಶೇಕಡಾ 99, ಮೂರು ಎಂದರೆ 99.9. ಆಹಾರದ ಮೇಲಿನ ಪ್ರಯೋಗಗಳಲ್ಲಿ ಫೇಜ್‌ಗಳಿಂದ ಸಾಮಾನ್ಯವಾಗಿ ಸಿಗುವುದು ಒಂದರಿಂದ ಮೂರು ಲಾಗ್. ಕೊಲ್ಲುವ ಕೆಲಸದ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಮುಗಿಯುತ್ತದೆ. ಆಮೇಲೆ, ಶೇಖರಣೆಯ ಕಾಲದಲ್ಲಿ, ತಪ್ಪಿಸಿಕೊಂಡು ಉಳಿದ ಲಿಸ್ಟೀರಿಯಾಗಳು ಫೇಜ್ ಹಾಕದ ಮಾದರಿಯಲ್ಲಿ ಬೆಳೆಯುವಷ್ಟೇ ವೇಗದಲ್ಲಿ ಮತ್ತೆ ಬೆಳೆಯುವುದನ್ನು ಹಲವು ಪ್ರಯೋಗಗಳಲ್ಲಿ ಕಾಣಬಹುದು. ಎಂದರೆ ಫೇಜ್ ನಮಗೆ ದೊರಕಿಸಿಕೊಡುವುದು ಸಮಯವನ್ನು: ಅಪಾಯದ ಮಟ್ಟ ತಲುಪಲು ಬ್ಯಾಕ್ಟೀರಿಯಾ ಮತ್ತೊಮ್ಮೆ ಕೆಳಗಿನಿಂದ ಆರಂಭಿಸಬೇಕು. ಬೆಳವಣಿಗೆಯನ್ನು ತಡೆಯುವ ಲ್ಯಾಕ್ಟೇಟ್‌ನಂಥ ಲವಣಗಳ ಜೊತೆ ಫೇಜ್ ಬಳಸಿದಾಗ ಎರಡೂ ಒಂದನ್ನೊಂದು ತುಂಬಿಕೊಡುತ್ತವೆ. ಒಂದು ಕೊಲ್ಲುತ್ತದೆ, ಇನ್ನೊಂದು ಉಳಿದವನ್ನು ಬೆಳೆಯಗೊಡುವುದಿಲ್ಲ.

ಕ್ಯಾಂಪೈಲೋಬ್ಯಾಕ್ಟರ್‌ನ ವಿಷಯವೇ ಬೇರೆ. ಕೋಳಿಯ ಕರುಳಿನಲ್ಲಿ ಅದು ಗ್ರಾಮಿಗೆ ಕೋಟಿಗಟ್ಟಲೆ ಇರಬಹುದು. ಆದರೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳೆಯುವುದೇ ಇಲ್ಲ. ತಣ್ಣಗಿನ ಕೋಳಿಮಾಂಸದ ಮೇಲೆ ಫೇಜ್ ಹಾಕಿದರೆ ಅದು ವೃದ್ಧಿಯಾಗಲಾರದು. ಕೋಳಿಯ ಕರುಳಿನೊಳಗಾದರೋ ಬ್ಯಾಕ್ಟೀರಿಯಾಗಳೂ ದಟ್ಟವಾಗಿವೆ, ಬೆಚ್ಚಗೂ ಇದೆ. ನಾನು ಮೇಲೆ ತಳ್ಳಿಹಾಕಿದ, ತಾನಾಗಿಯೇ ಹೆಚ್ಚುವ ಔಷಧದ ಚಿತ್ರ ಇಲ್ಲಿ ನಿಜಕ್ಕೂ ಹೊಂದುತ್ತದೆ. ವಧೆಗೆ ಒಂದೆರಡು ದಿನ ಮೊದಲು ಮೇವು ಅಥವಾ ನೀರಿನ ಮೂಲಕ ಫೇಜ್ ಕೊಟ್ಟು ಕರುಳಿನಲ್ಲಿನ ಸಂಖ್ಯೆಯನ್ನು ಇಳಿಸುವ ಪ್ರಯೋಗಗಳು ನಡೆದಿವೆ, ಗಣನೀಯ ಇಳಿಕೆಯೂ ಕಂಡುಬಂದಿದೆ. ಬಹಳ ಮೊದಲೇ ಕೊಟ್ಟರೆ ಪ್ರಯೋಜನ ಕಡಿಮೆ, ಏಕೆಂದರೆ ಪ್ರತಿರೋಧ ಪಡೆದವು ಉಳಿದುಕೊಂಡು ಮತ್ತೆ ಹೆಚ್ಚಲು ಕಾಲ ಸಿಗುತ್ತದೆ. ದನಗಳ ಚರ್ಮದ ಮೇಲಿನ ಇ. ಕೋಲೈ ಓ157 ಮಾಂಸಕ್ಕೆ ತಗಲದಂತೆ ವಧೆಗೆ ಮುಂಚೆ ಚರ್ಮಕ್ಕೆ ಫೇಜ್ ಸಿಂಪಡಿಸುವುದಕ್ಕೂ ಅಮೆರಿಕದಲ್ಲಿ 2007ರಿಂದ ಅವಕಾಶವಿದೆ.

ಪ್ರತಿರೋಧದ ಪ್ರಶ್ನೆ ಬಂದೇ ಬರುತ್ತದೆ. ಫೇಜ್ ಹಿಡಿಯುವ ಅಣುವನ್ನು ಕಳೆದುಕೊಂಡ ಅಥವಾ ಬದಲಿಸಿಕೊಂಡ ರೂಪಾಂತರಿ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಹತ್ತು ಲಕ್ಷದಿಂದ ಹತ್ತು ಕೋಟಿಯಲ್ಲಿ ಒಂದರಂತೆ ಇರುತ್ತವೆ. 100 ಗ್ರಾಂ ಆಹಾರದಲ್ಲಿ ಗ್ರಾಮಿಗೆ 100ರಂತೆ ಒಟ್ಟು ಹತ್ತು ಸಾವಿರ ಲಿಸ್ಟೀರಿಯಾ ಇದ್ದರೆ ಅಂಥ ಒಂದೂ ಅದರಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಪೊಟ್ಟಣದೊಳಗೆ ಪ್ರತಿರೋಧ ಹುಟ್ಟುವುದು ನನ್ನ ದೊಡ್ಡ ಚಿಂತೆಯಲ್ಲ. ಚಿಂತೆ ಇರುವುದು ಕಾರ್ಖಾನೆಯ ನೆಲದ ಚರಂಡಿಯಲ್ಲಿ. ಅಲ್ಲಿ ಬ್ಯಾಕ್ಟೀರಿಯಾಗಳು ಲೋಳೆಪದರದೊಳಗೆ ಕೋಟಿಗಟ್ಟಲೆ ನೆಲೆಸಿರುತ್ತವೆ; ದಿನವೂ ಸಿಂಪಡಣೆಯ ಹನಿ ಅಲ್ಲಿಗೆ ಇಳಿಯುತ್ತಿದ್ದರೆ ಪ್ರತಿರೋಧಿಗಳನ್ನು ನಾವೇ ಆರಿಸಿ ಸಾಕಿದಂತೆ, ಅವೇ ಒಂದು ದಿನ ಯಂತ್ರದ ಬ್ಲೇಡಿಗೆ ಬರುತ್ತವೆ. ಸಿಂಪಡಿಸಿದ ಪದಾರ್ಥ ತಕ್ಷಣ ಪೊಟ್ಟಣ ಸೇರಿ ಹೊರಗೆ ಹೋಗುವ ಕೊನೆಯ ಹಂತದಲ್ಲಿ ಮಾತ್ರ ಫೇಜ್ ಬಳಸಿ, ಬಳಸಿದ ದ್ರಾವಣವನ್ನು ಮತ್ತೆ ಸುತ್ತಿಸದೆ, ನೆಲ ಮತ್ತು ಚರಂಡಿಗಳನ್ನು ರಾಸಾಯನಿಕಗಳಿಗೇ ಬಿಡುವುದು ಜಾಣತನ ಎಂದು ನಾನು ಭಾವಿಸುತ್ತೇನೆ. ಇದಕ್ಕೆ ಭಿನ್ನಾಭಿಪ್ರಾಯವಿದೆ, ಲೋಳೆಪದರವನ್ನು ಕರಗಿಸುವ ಕಿಣ್ವಗಳು ಕೆಲವು ಫೇಜ್‌ಗಳ ಬಾಲದಲ್ಲೇ ಇರುವುದರಿಂದ ಅವನ್ನು ಉಪಕರಣಗಳ ಮೇಲೂ ಬಳಸಬೇಕೆನ್ನುವವರಿದ್ದಾರೆ. ಬೇರೆಬೇರೆ ಅಣುಗಳನ್ನು ಹಿಡಿಯುವ ಹಲವು ಫೇಜ್‌ಗಳ ಮಿಶ್ರಣ ಬಳಸಿದರೆ ಒಂದೇ ಬ್ಯಾಕ್ಟೀರಿಯಾ ಎಲ್ಲವನ್ನೂ ಒಟ್ಟಿಗೆ ತಪ್ಪಿಸಿಕೊಳ್ಳುವ ಸಾಧ್ಯತೆ ಬಹಳ ಕುಗ್ಗುತ್ತದೆ. ಇದಕ್ಕಿಂತ ಮುಖ್ಯವಾಗಿ, ಕೊಳ್ಳುವ ಮುಂಚೆ ತಮ್ಮ ಕಾರ್ಖಾನೆಯಲ್ಲೇ ಸಿಕ್ಕ ಲಿಸ್ಟೀರಿಯಾ ತಳಿಗಳ ಮೇಲೆ ಆ ಫೇಜ್ ಬೊಟ್ಟು ಮೂಡಿಸುತ್ತದೆಯೇ ಎಂದು ಪರೀಕ್ಷಿಸಬೇಕು. ಸಾಲ್ಮೊನೆಲ್ಲಾದಲ್ಲಿ ಸೀರೋಟೈಪ್ ಎಂದು ಕರೆಯುವ, ಮೈಮೇಲಿನ ಅಣುಗಳಿಂದ ಬೇರ್ಪಡಿಸಿದ 2,500ಕ್ಕೂ ಹೆಚ್ಚು ಬಗೆಗಳಿರುವಾಗ ಈ ಪರೀಕ್ಷೆ ಇಲ್ಲದೆ ಮುಂದುವರಿಯುವುದು ಕಣ್ಣುಮುಚ್ಚಿ ಕಲ್ಲೆಸೆದ ಹಾಗೆ.

ಪ್ರತಿರೋಧದ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಅನುಭವ ಇರುವುದು ಫೇಜ್ ಬಳಸುವವರಿಗಲ್ಲ, ಫೇಜ್‌ನಿಂದ ನಷ್ಟಪಟ್ಟವರಿಗೆ. ಚೀಸ್ ತಯಾರಿಕೆಯಲ್ಲಿ ಹಾಲನ್ನು ಹುಳಿಯಾಗಿಸುವ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಫೇಜ್‌ಗಳು ಕೊಲ್ಲುತ್ತವೆ ಎಂಬುದನ್ನು ನ್ಯೂಜಿಲೆಂಡ್‌ನ ವೈಟ್‌ಹೆಡ್ ಮತ್ತು ಕಾಕ್ಸ್ 1935ರಲ್ಲೇ ತೋರಿಸಿದರು. ಅಂದಿನಿಂದ ಹೈನೋದ್ಯಮ ಹೆಪ್ಪಿನ ತಳಿಗಳನ್ನು ಸರದಿಯ ಮೇಲೆ ಬದಲಾಯಿಸುತ್ತ ಫೇಜ್‌ಗಳಿಂದ ತಪ್ಪಿಸಿಕೊಳ್ಳುತ್ತ ಬಂದಿದೆ. ಬ್ಯಾಕ್ಟೀರಿಯಾಗಳು ಹಿಂದೆ ಎದುರಿಸಿದ ಫೇಜ್‌ನ ಡಿಎನ್‌ಎ ತುಣುಕನ್ನು ತಮ್ಮಲ್ಲಿ ಇಟ್ಟುಕೊಂಡು ಮುಂದೆ ಅದನ್ನು ಗುರುತಿಸುತ್ತವೆ ಎಂಬ, ಈಗ ಕ್ರಿಸ್ಪರ್ ಎಂದು ಹೆಸರಾದ ವ್ಯವಸ್ಥೆಯ ಕೆಲಸವನ್ನು 2007ರಲ್ಲಿ ಪ್ರಯೋಗದಿಂದ ತೋರಿಸಿದ್ದೂ ಇಂಥ ಹೆಪ್ಪಿನ ಬ್ಯಾಕ್ಟೀರಿಯಾವನ್ನು ಅಭ್ಯಾಸ ಮಾಡುತ್ತಿದ್ದ ಡ್ಯಾನಿಸ್ಕೋ ಕಂಪನಿಯ ವಿಜ್ಞಾನಿಗಳೇ.

ಇನ್ನು ಮಸುಕಾದ ಬೊಟ್ಟಿನ ವಿಷಯ. ಎಲ್ಲ ಫೇಜ್‌ಗಳೂ ಹೊಕ್ಕ ಕೂಡಲೇ ಕೊಲ್ಲುವುದಿಲ್ಲ. ಕೆಲವು ತಮ್ಮ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಸೇರಿಸಿ, ಅದರೊಂದಿಗೇ ತಲೆಮಾರುಗಳ ಕಾಲ ಸುಪ್ತವಾಗಿ ಉಳಿಯುತ್ತವೆ. ಹಾಗೆ ಫೇಜ್ ಹೊತ್ತ ಬ್ಯಾಕ್ಟೀರಿಯಾ ಅದೇ ಫೇಜ್‌ನಿಂದ ಸಾಯದ ಕಾರಣ ಬೊಟ್ಟಿನ ನಡುವೆ ಬೆಳೆದು ಮಸುಕು ಕಾಣಿಸುತ್ತದೆ. ಇವುಗಳನ್ನು ಆಹಾರಕ್ಕೆ ಎಂದೂ ಬಳಸಬಾರದು. ಇ. ಕೋಲೈ ಓ157ರ ಭಯಾನಕ ಗುಣವಾದ ಶಿಗಾ ಟಾಕ್ಸಿನ್‌ನ ಜೀನ್ ಇರುವುದೇ ಇಂಥ ಸುಪ್ತ ಫೇಜ್‌ನಲ್ಲಿ. ಕಾಲರಾದ ವಿಷದ ಜೀನನ್ನೂ ಫೇಜ್ ಒಂದು ಹೊತ್ತು ತರುತ್ತದೆಂದು ವಾಲ್ಡರ್ ಮತ್ತು ಮೆಕಲಾನೋಸ್ 1996ರಲ್ಲಿ ತೋರಿಸಿದರು. 2011ರಲ್ಲಿ ಜರ್ಮನಿಯಲ್ಲಿ ಮೊಳಕೆಕಾಳುಗಳ ಮೂಲಕ ಹರಡಿ ಐವತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಇ. ಕೋಲೈ ಓ104:ಎಚ್4 ಕೂಡ ಶಿಗಾ ಟಾಕ್ಸಿನ್ ಫೇಜ್ ಒಂದನ್ನು ಪಡೆದುಕೊಂಡ ತಳಿಯೇ. ಆಹಾರದ ಫೇಜ್‌ಗಳ ಪೂರ್ತಿ ಡಿಎನ್‌ಎ ಕ್ರಮವನ್ನು ಓದಿ, ಸುಪ್ತವಾಗಿ ಸೇರಿಕೊಳ್ಳಲು ಬೇಕಾದ ಜೀನ್‌ಗಳಾಗಲಿ, ವಿಷದ ಅಥವಾ ಆ್ಯಂಟಿಬಯಾಟಿಕ್ ಪ್ರತಿರೋಧದ ಜೀನ್‌ಗಳಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಆದ್ದರಿಂದಲೇ ಕಡ್ಡಾಯವೆನ್ನುವಷ್ಟು ರೂಢಿಯಾಗಿದೆ. ಬ್ಯಾಕ್ಟೀರಿಯಾದ ಜೀನ್‌ಗಳನ್ನೇ ತಪ್ಪಾಗಿ ತಲೆಯಲ್ಲಿ ತುಂಬಿಕೊಂಡು ಇನ್ನೊಂದಕ್ಕೆ ಸಾಗಿಸುವ ಫೇಜ್‌ಗಳೂ ಇವೆ. ಸಾಲ್ಮೊನೆಲ್ಲಾದ ಪಿ22 ಇದಕ್ಕೆ ಹಳೆಯ ಉದಾಹರಣೆ. ಅವುಗಳನ್ನೂ ಕೈಬಿಡಬೇಕು.

ತಯಾರಿಕೆಯಲ್ಲೂ ಒಂದು ಇಕ್ಕಟ್ಟಿದೆ. ಫೇಜ್ ಬೆಳೆಸಬೇಕಾದರೆ ಬ್ಯಾಕ್ಟೀರಿಯಾ ಬೆಳೆಸಲೇಬೇಕು. ಸಾಧ್ಯವಿದ್ದಲ್ಲಿ ರೋಗ ತರದ ಹತ್ತಿರದ ಸಂಬಂಧಿಯಲ್ಲಿ, ಉದಾಹರಣೆಗೆ ಲಿಸ್ಟೀರಿಯಾ ಇನೋಕುವಾದಲ್ಲಿ, ಬೆಳೆಸುತ್ತಾರೆ. ಸಾಧ್ಯವಿಲ್ಲದಿದ್ದರೆ ಒಡೆದ ರೋಗಾಣುಗಳಿಂದ ಹೊರಬರುವ ಎಂಡೋಟಾಕ್ಸಿನ್ ಎಂಬ ವಿಷ ಮತ್ತಿತರ ಅವಶೇಷಗಳನ್ನು ಶುದ್ಧೀಕರಿಸಿ ತೆಗೆಯಬೇಕು. ಫೇಜ್ ದ್ರಾವಣದ ಸುರಕ್ಷತೆಯಲ್ಲಿ ನಾನು ಫೇಜ್‌ಗಿಂತ ಹೆಚ್ಚಾಗಿ ಈ ಅವಶೇಷಗಳ ವರದಿಯನ್ನೇ ಕೇಳುತ್ತೇನೆ.

ಫೇಜ್‌ನ ಬಿಡಿಭಾಗಗಳ ಉಪಯೋಗವನ್ನು ಹಾರಿಸಿಬಿಡುವಂತಿಲ್ಲ. ಎಂಡೋಲೈಸಿನ್ ಕಿಣ್ವವನ್ನು ಹೊರಗಿನಿಂದ ಹಾಕಿದರೂ ಲಿಸ್ಟೀರಿಯಾದಂಥ, ಹೊರಪೊರೆ ಇಲ್ಲದ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳ ಭಿತ್ತಿ ಒಡೆಯುತ್ತದೆ. ಸಾಲ್ಮೊನೆಲ್ಲಾಕ್ಕೆ ಹೊರಪೊರೆ ಇರುವುದರಿಂದ ಅಲ್ಲಿ ಅಷ್ಟು ಸುಲಭವಲ್ಲ. ಪತ್ತೆಹಚ್ಚುವ ಕೆಲಸದಲ್ಲಂತೂ ಫೇಜ್ ಪ್ರೋಟೀನ್‌ಗಳು ಈಗಾಗಲೇ ಪರೀಕ್ಷಾ ಕಿಟ್‌ಗಳೊಳಗೆ ಸೇರಿವೆ. ಬೆಳಕು ಸೂಸುವ ಜೀನ್ ಸೇರಿಸಿದ ಲಿಸ್ಟೀರಿಯಾ ಫೇಜ್ ಬದುಕಿರುವ ಬ್ಯಾಕ್ಟೀರಿಯಾದೊಳಗೆ ಹೊಕ್ಕರೆ ಆ ಬ್ಯಾಕ್ಟೀರಿಯಾವೇ ಮಿನುಗಿ ತನ್ನ ಇರವನ್ನು ತಿಳಿಸಿಬಿಡುತ್ತದೆ, ಸತ್ತದ್ದು ಮಿನುಗುವುದಿಲ್ಲ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತಿದ್ದೇನೆ.

ವೈರಸ್ ತಿನ್ನುವುದರಿಂದ ಮನುಷ್ಯರಿಗೆ ಏನೂ ಆಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಫೇಜ್‌ಗಳು ನಮ್ಮ ಕೋಶಗಳಿಗೆ ಸೋಂಕು ತಗಲಿಸಲಾರವು. ಅವು ಹಿಡಿಯುವ ಅಣುಗಳೂ, ವೃದ್ಧಿಯಾಗಲು ಬೇಕಾದ ಬ್ಯಾಕ್ಟೀರಿಯಾದ ಯಂತ್ರಾಂಗವೂ ನಮ್ಮ ಕೋಶಗಳಲ್ಲಿಲ್ಲ. ತೊಳೆದ ತರಕಾರಿ, ಮಾಂಸ, ಹುದುಗಿಸಿದ ಆಹಾರ ಯಾವುದನ್ನು ಪರೀಕ್ಷಿಸಿದರೂ ಫೇಜ್‌ಗಳು ಸಿಗುತ್ತವೆ, ನಮ್ಮ ಕರುಳಿನಲ್ಲಂತೂ ಎಣಿಕೆಗೆ ಮೀರಿ ಇವೆ. ಗ್ರಾಮಿಗೆ ನೂರು ಕೋಟಿ ಫೇಜ್ ಹಾಕಿದರೂ ಅವುಗಳ ಒಟ್ಟು ತೂಕ ಒಂದು ಮೈಕ್ರೋಗ್ರಾಂ ಕೂಡ ಆಗುವುದಿಲ್ಲ, ಆದ್ದರಿಂದ ರುಚಿ, ಬಣ್ಣ, ವಾಸನೆ ಬದಲಾಗುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಪಿ100 ಕುರಿತ ತನ್ನ ಅಭಿಪ್ರಾಯವನ್ನು 2016ರಲ್ಲಿ ಪ್ರಕಟಿಸಿದೆ.

ಇಷ್ಟು ಒಳ್ಳೆಯದಾದರೆ ಬೇರೆ ಸ್ವಚ್ಛತಾ ಕ್ರಮಗಳನ್ನು ಸಡಿಲಿಸಬಹುದೇ ಎಂಬುದು ಎರಡನೆಯ ಪ್ರಶ್ನೆ. ಕೂಡದು. ಫೇಜ್‌ಗೆ ನೊರೋವೈರಸ್ ಗೊತ್ತಿಲ್ಲ, ಪರೋಪಜೀವಿಗಳು ಗೊತ್ತಿಲ್ಲ, ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಈಗಾಗಲೇ ಆಹಾರದಲ್ಲಿ ಬಿಟ್ಟುಹೋದ ವಿಷವನ್ನು ಅದು ಏನೂ ಮಾಡಲಾರದು. ಹತ್ತು ಸಾವಿರ ಲಿಸ್ಟೀರಿಯಾ ಇರುವಲ್ಲಿ ಎರಡು ಲಾಗ್ ಇಳಿಸಿದರೆ ನೂರು ಉಳಿಯುತ್ತವೆ. ನೂರು ಇರುವಲ್ಲಿ ಅಷ್ಟೇ ಇಳಿಸಿದರೆ ಒಂದು. ಸ್ವಚ್ಛವಾದ ಕಾರ್ಖಾನೆಯಲ್ಲಿಯೇ ಅದರ ಬೆಲೆ ತಿಳಿಯುವುದು.

ಮೂರನೆಯದನ್ನು ಕೇಳಿದವರು ಮಾಂಸ ಸಂಸ್ಕರಣೆಯ ಉದ್ಯಮದವರು. ಪದಾರ್ಥವನ್ನು ರೋಗಾಣುನಾಶಕವಾದ ಪೆರಾಸಿಟಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆದ ತಕ್ಷಣ ಫೇಜ್ ಸಿಂಪಡಿಸಿದರೆ ಎರಡರ ಲಾಭವೂ ಸಿಗುತ್ತದಲ್ಲವೇ ಎಂದರು. ಸಿಗುವುದಿಲ್ಲ, ಏಕೆಂದರೆ ಮೇಲ್ಮೈಯಲ್ಲಿ ಉಳಿದ ಆಮ್ಲ ಫೇಜ್‌ಗಳನ್ನೂ ನಿಷ್ಕ್ರಿಯಗೊಳಿಸುತ್ತದೆ. ಕ್ಲೋರಿನ್‌ನ ವಿಷಯವೂ ಹಾಗೆಯೇ. ಫೇಜ್ ದ್ರಾವಣವನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೆಳುಗೊಳಿಸಿದರೂ ಇದೇ ಗತಿ. ಮೊದಲು ರಾಸಾಯನಿಕ, ನಂತರ ಅದರ ಉಳಿಕೆ ಹೋಗುವಷ್ಟು ತೊಳೆತ ಅಥವಾ ಕಾಲಾವಕಾಶ, ಕೊನೆಗೆ, ಮೇಲ್ಮೈ ಇನ್ನೂ ತೇವವಾಗಿರುವಾಗಲೇ ಫೇಜ್, ಆಮೇಲೆ ಪೊಟ್ಟಣ. ಸಿಂಪಡಣೆಯ ನಳಿಕೆಯಿಂದ ಹೊರಬೀಳುವ ದ್ರಾವಣವನ್ನೇ ಹಿಡಿದು ತಟ್ಟೆಯ ಮೇಲೆ ಬೊಟ್ಟುಗಳನ್ನು ಆಗಾಗ ಎಣಿಸಿ ನೋಡಿ ಎಂದೂ ಅವರಿಗೆ ಹೇಳಿದೆ. ಡಬ್ಬಿಯ ಮೇಲೆ ಬರೆದ ಸಂಖ್ಯೆ ತಯಾರಿಸಿದ ದಿನದ್ದು, ಮಾಂಸದ ಮೇಲೆ ಬೀಳುವ ಸಂಖ್ಯೆ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು.